ಪೂಜೆಗೆ ಬಳಿದ ಬಣ್ಣ

ವಾಸ್ಕೋ ಬಸ್ಸಿನ ಸಾಲಿನಲ್ಲಿ ತುಂಗಾಳ ಮುಂದೆ ಇಬ್ಬರು ಲಾರಿ ಡ್ರೈವರುಗಳು ಮಾತಿಗಿಳಿದಿದ್ದರು.

“ಏನಪಾ ಕಂಠೆಪ್ಪ, ಮಾಲಕ ನಿನಗೊಬ್ಬಗ ಕೊಟ್ಟ ಹೊಸಾ ಲಾರಿ ಹೆಂಗೈತಿ?”

“ಲೈಟ್ ಹಾಕಿದ್ರ ಮೀಟರಿನ ಮುಳ್ಳೆಲ್ಲಾ ಕುಣಿತಾವ, ಪರಶು. ಮೀಟರ್ ಬದಲಿ ಮಾಡಿಸಿದ್ರೂ ಹಂಗ ಐತಿ.”

“ನನ್ನ ಹೊಟ್ಟಿ ಉರಿಸಾಕ ದಸರಾದ ಖಂಡೇಪೂಜಿಗೆ ಲಾರಿ ಕೆಳಗಿನ ಚಾಸಿಗೂ ಬಣ್ಣ ಬಳದಿ. ಅರ್ಥಿಂಗ್ ವೈರ್ ಬಿಚ್ಚಿ ಅದನ್ನ ಚಾಸಿಗೆ ಬಿಗಿಯೋ ಜಾಗಕ್ಕೂ ಬಳದಿ, ಹೌದಿಲ್ಲೋ?”

“ಹೌದು. ಚಂದ ಕಾಣ್ಲಿ ಅಂತ.”

“ಬಣ್ಣದ ಮ್ಯಾಲೆ ಬೋಲ್ಟ್ ಬಿಗದ್ರ ಕರೆಂಟ್ ಹೆಂಗ ಹರೀತೈತೋ, ಶಾಣ್ಯಾ?” ಪರಶು ಹೊಟ್ಟೆ ತುಂಬ ನಕ್ಕ.

“ಅಂದ್ರ ಬಣ್ಣ ಕೆರದ್ರ ಸಾಕು!” ಕಂಠೆಪ್ಪ ಸಾಲು ಬಿಟ್ಟು ಹೊರಟ. “ಭಾಳ ಉಪಕಾರ ಆತು ದೋಸ್ತ. ಇವತ್ತ ರಿಪೇರಿ ಆಗದಿದ್ರ ನಾಳಿಂದ ಲಾರಿ ನಿನಗ ಕೊಡ್ತೀನಂದಿದ್ದ ಮಾಲಕ.”

ಬಸ್ಸು ಬಂತು. ತುಂಗಾ ಪರಶುವನ್ನು ದಾಟಿ ಹತ್ತಿದಳು. ಅವನು ಅಲ್ಲೇ ನಿಂತಿದ್ದ.