ಹನ್ನೊಂದು ಗಂಟೆಯ ಹದಿನಾಲ್ಕು ಸೆಕೆಂಡು

ಹಳೇ ಬಾವಿ ಪಕ್ಕದ ಮನೆ ದಾಟೋವಾಗ ನಮ್ಮ ದೊಡ್ಡಮ್ಮನ ಮಗ ತಲೆ ತಗ್ಗಿಸಿಕೊಂಡೇ ನಡೀತಿದ್ದ. ತಗ್ಗಿಸದೆ ಇನ್ನೇನು? ಅವತ್ತು ಮಾಡಿದ್ದ ಕೆಲಸ ಅಂಥದ್ದು.

ಅವನು ಎಫ್ಎಂ ಸ್ಟೇಷನ್ನಲ್ಲಿ ಮೆಷಿನ್ ನೋಡಿಕೊಳ್ಳೋನು. ಹದಿನಾರು ವರ್ಷದ ನೌಕರಿ, ಸ್ಟೇಷನ್ನಿಗೆ ಐದು ಹೆಸರು! ಒಂದು ಸಲ 'ಗಲಾಟೆ', ಇನ್ನೊಂದು ಸಲ 'ಝೂಮ್'... ಪ್ರತಿ ಸಲ ಗೋಡೆಗೆ ಹೊಸ ಬಣ್ಣ. ಹಾಡು ಮಾತ್ರ ಅವೇ ನಲವತ್ತು. ಥೂ!

ಅಲ್ಲಿ ರಾತ್ರಿ ಹೊತ್ತು ಮಾತಾಡ್ತಿದ್ದವಳನ್ನ ಎಲ್ಲರೂ 'ಅಕ್ಕ' ಅಂತಿದ್ದರು. ಹನ್ನೊಂದಕ್ಕೆ ಸರಿಯಾಗಿ, ನಿಧಾನಕ್ಕೆ, ತಡೆತಡೆದು ಹೇಳೋಳು: "ಕೆಲಸ ಸಾಕು... ದೀಪ ಆರಿಸಿ... ಮಲಗಿ. ನಾನು ಎದ್ದಿರ್ತೀನಿ." ಹದಿನಾಲ್ಕು ಸೆಕೆಂಡು. ಬಾವಿ ಪಕ್ಕದ ಆ ಮನೇಲಿ ಹಾಸಿಗೆ ಹಿಡಿದಿದ್ದ ಅವಳ ಅಮ್ಮ ರೇಡಿಯೋದಲ್ಲಿ ಅದನ್ನ ಕೇಳಿಸಿಕೊಂಡೇ ಕಣ್ಣು ಮುಚ್ಚೋಳು.

ಅಕ್ಕ ಸಾಯೋ ಮುಂಚೆ ಇವನ ಕೈ ಹಿಡಿದಳು. "ನಾನು ಹೋದ್ಮೇಲೂ ಅದೊಂದು ರೆಕಾರ್ಡಿಂಗ್ ಹಾಕ್ತಿರು ತಮ್ಮಾ. ಇಲ್ಲದಿದ್ರೆ ಅಮ್ಮ ನಿದ್ದೆ ಮಾಡಲ್ಲ."

"ಹಾಕ್ತೀನಕ್ಕ."

ಎರಡು ತಿಂಗಳು ಹಾಕಿದ. ಆಗ ವಕ್ಕರಿಸಿದ ನೋಡಿ, ಹೊಸ ಮ್ಯಾನೇಜರ್! ಹೊಸ ಹೆಸರು 'ವಾವ್'. ಅದಕ್ಕೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದನಂತೆ, ಪುಣ್ಯಾತ್ಮ. ಇನ್ಮೇಲೆ ಮಾತಿಲ್ಲ, ಬರೀ ಹಾಡು. "ಸತ್ತೋರ ವಾಯ್ಸ್ ನಮ್ಮ ಬ್ರ್ಯಾಂಡಿಗೆ ಸೂಟ್ ಆಗಲ್ಲ. ಎಲ್ಲಾ ಡಿಲೀಟ್ ಮಾಡ್ರಿ."

ಇವನು ಅಕ್ಕನ ಆ ರೆಕಾರ್ಡಿಂಗೂ ಸೇರಿಸಿ ಎಲ್ಲಾ ಅಳಿಸಿದ. ನಮ್ಮವನಾದರೇನು, ಪುಕ್ಕಲ ಪುಕ್ಕಲನೇ.

ಅದೇ ರಾತ್ರಿ ಇವನು ದಾಟೋವಾಗ, ಆ ಮನೆ ಕಿಟಕಿ ತೆರೆದಿತ್ತು. ಬಾವಿಯ ರಾಟೆ ಗಾಳಿಗೆ ಕಿರ್... ಕಿರ್... ಅಂತಿತ್ತು. ಒಳಗೆ ದೀಪ. ರೇಡಿಯೋದಲ್ಲಿ 'ವಾವ್'ನ ದಬದಬ ಹಾಡು. ಪಾಪ ಮುದುಕಿ ಇವತ್ತು ಬೆಳಗಿನವರೆಗೂ ಕಾಯ್ತಾಳಲ್ಲ ಅಂದುಕೊಂಡ. ವಾಚ್ ನೋಡಿದ. ಹನ್ನೊಂದು.

ಹಾಡು ಗಪ್ಪನೆ ನಿಂತಿತು.

ಮಾತಿಲ್ಲ... ರೇಡಿಯೋದ ಗೊರಗೊರ ಇಲ್ಲ... ರಾಟೆಯೂ ಸುಮ್ಮನಾಯಿತು.

ಒಳಗಿಂದ ಮುದುಕಿ ಪಿಸುಗುಟ್ಟಿದಳು. "ಹೂಂ ಕಣೇ... ಮಲಗ್ತೀನಿ."

ತಲೆದಿಂಬಿನ ಹತ್ತಿರದ ಸಡಿಲ ಸ್ವಿಚ್ಚು ಎರಡು ಸಲ ಸದ್ದು ಮಾಡಿತು. ಟಿಕ್... ಟಕ್. ದೀಪ ಆರಿತು. ಹಾಡು ಮತ್ತೆ ಶುರುವಾಯಿತು.

ಇವನು ಸ್ಟೇಷನ್ನಿನ ಕಾವಲುಗಾರನಿಗೆ ಫೋನ್ ಮಾಡಿದ. "ಅಲಾರಂ ಹೊಡೀತಾ?"

"ಇಲ್ವಲ್ಲ ಸಾರ್. ಯಾಕೆ?"

ಅಲ್ಲಿ ಮೂರು ಸೆಕೆಂಡು ಸದ್ದು ನಿಂತರೂ ಅಲಾರಂ ಬಡಕೊಳ್ಳುತ್ತೆ.

ಸ್ಟೇಷನ್ನಿಂದ ಹೊರಗೆ ಹೋಗೋದೆಲ್ಲಾ ಒಂದು ಮೆಷಿನ್ನಿನಲ್ಲಿ ತಾನೇ ರೆಕಾರ್ಡ್ ಆಗುತ್ತೆ. ಬೆಳಿಗ್ಗೆ ಅದನ್ನ ತೆಗೆದು ನೋಡಿದ. ಹನ್ನೊಂದಕ್ಕೆ ಸರಿಯಾಗಿ ಹದಿನಾಲ್ಕು ಸೆಕೆಂಡು ಖಾಲಿ. ಮಾರನೇ ರಾತ್ರಿಯೂ ಅಷ್ಟೇ. ಮ್ಯಾನೇಜರ್ ಕೂಗಾಡಿದ, ಹೊಸ ಮೆಷಿನ್ ತರಿಸಿದ, ಕೋಟು ಹಾಕಿದ ಇಂಜಿನಿಯರ್‌ಗಳನ್ನ ಕರೆಸಿದ. ಏನೂ ಕಿತ್ತುಕೊಳ್ಳೋಕೆ ಆಗಲಿಲ್ಲ. ಈಗ ಆ ಮಹಾಶಯನೂ ಇಲ್ಲ, 'ವಾವ್' ಕೂಡ ಇಲ್ಲ. ಹೆಸರು 'ಯೋ' ಅಂತೆ. ಹದಿನಾಲ್ಕು ಸೆಕೆಂಡು ಮಾತ್ರ ಹಾಗೇ ಇದೆ.

ಸುಳ್ಳು ಅಂತೀರಾ? ಆ ರೆಕಾರ್ಡಿಂಗನ್ನ ಅವನು ನನಗೂ ಕೇಳಿಸಿದಾನೆ, ಈ ಎರಡು ಕಿವಿಯಾಣೆ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ ಕೂತಿದ್ದೆ. ಏನೂ ಇಲ್ಲ... ಏನೂ ಇಲ್ಲ... ಹದಿನಾಲ್ಕನೇ ಸೆಕೆಂಡಿಗೆ, ಸಣ್ಣಗೆ, ಒಂದು ಸಡಿಲ ಸ್ವಿಚ್ಚಿನ ಸದ್ದು.

ಟಿಕ್... ಟಕ್.