ಬಾಗಿಲಿಗೆ ಕೊಟ್ಟ ರೇಕಿ

ಈ ಸಭೆಯ ಅಧ್ಯಕ್ಷರೂ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಉಜ್ಜಿನಪ್ಪ ಮೇಷ್ಟ್ರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕಣ್ಣಿನ ವೈದ್ಯರಾದ ಭೀಮರಾಜ ಡಾಕ್ಟರೇ, ನಮಗೆಲ್ಲ ರೇಕಿ ಕಲಿಸಿದ, ಅದಕ್ಕೂ ಮೊದಲು ನನಗೆ ಸುಮ್ಮನೆ ಕೂರುವುದನ್ನು ಕಲಿಸಲು ಹೆಣಗಿದ ಅನಿತಾ ಮೇಡಂ ಅವರೇ, ಸತ್ಯನಾರಾಯಣಪೇಟೆಯ ಈ ಸಭಾಭವನದಲ್ಲಿ ಫ್ಯಾನಿನ ಕೆಳಗಿನ ಜಾಗಕ್ಕೆ ಪೈಪೋಟಿ ನಡೆಸಿ ಗೆದ್ದ ಹಾಗೂ ಸೋತ ಸಭಿಕರೇ, ಇಂದಿನಿಂದ ಕಲಿಯಲು ಬಂದಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಎಲ್ಲರಿಗೂ ಸಿರುಗುಪ್ಪದ ಎರ್ರಣ್ಣನ ಶರಣು.

ಮೈಕಿನವರು ಮೈಕನ್ನು ದೂರ ಸರಿಸುತ್ತಿದ್ದಾರೆ. ಸರಿಸಿ ಸ್ವಾಮಿ, ಬೇಕಾದರೆ ಮನೆಗೇ ತೆಗೆದುಕೊಂಡು ಹೋಗಿ. ನಾನು ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುವವನು. ಮಷಿನ್ ಸದ್ದಿನಲ್ಲಿ ‘ನೀರು ಕೊಡು’ ಎನ್ನುವುದನ್ನೂ ಕೂಗಿಯೇ ಹೇಳಬೇಕು. ಅಲ್ಲಿ ಬಂದ ದನಿ ಮನೆಗೆ ಹೋದರೂ ಇಳಿಯುವುದಿಲ್ಲ. ದನಿ ಮಾತ್ರವಲ್ಲ, ವಾಸನೆಯೂ ಹಾಗೆಯೇ. ಯಾವ ಸೋಪು ಹಚ್ಚಿ ತಿಕ್ಕಿದರೂ ಅಕ್ಕಿ ತೌಡಿನ ವಾಸನೆ ನನ್ನ ಮೈ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಒಮ್ಮೆ ಮೂಗು ಎಳೆದು, ‘ಮಿಲ್ಲಿನೋರೇನ್ರಿ?’ ಎಂದು ಕೇಳಿಯೇ ಕೇಳುತ್ತಾರೆ.

ನನಗೆ ಕೊಟ್ಟ ವಿಷಯ ‘ಹೊಸಬರಿಗೆ ರೇಕಿಯ ಪರಿಚಯ’. ಕೊಟ್ಟ ಸಮಯ ಐದು ನಿಮಿಷ. ಅಧ್ಯಕ್ಷರ ಕೈಯಲ್ಲಿ ‘ಸಮಯ ಮುಗಿಯಿತು’ ಎನ್ನುವ ಚೀಟಿಗಳು ಸಿದ್ಧವಾಗಿವೆ, ನೋಡಿದ್ದೇನೆ. ನನ್ನ ಹೆಂಡತಿ ಸರೋಜಾ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ನಮ್ಮ ಕೂಸು ನನ್ನ ‘ಶರಣು’ ಕೇಳಿದ ಕೂಡಲೇ ಅಳಲು ಶುರುಮಾಡಿತು. ನಮ್ಮ ಅತ್ತೆ ಕುರುಗೋಡಿನ ವಿರೂಪಮ್ಮನವರು ಅದನ್ನು ಎತ್ತಿಕೊಂಡು ಹೊರಗೆ ಹೋದರು. ಒಳ್ಳೆಯದೇ ಆಯಿತು. ಅತ್ತೆ ಹೊರಗಿದ್ದರೆ ಅಳಿಯ ಧೈರ್ಯವಾಗಿ ಮಾತಾಡಬಹುದು.

ಹಾಗಾದರೆ ರೇಕಿ ಎಂದರೇನು? ಜಪಾನಿನಿಂದ ಬಂದ ಪದ. ಜೀವಶಕ್ತಿ ಎಂದು ಅರ್ಥ ಹೇಳುತ್ತಾರೆ. ಮಾಡುವುದು ಬಹಳ ಸರಳ. ಮಲಗಿದವರ ಅಥವಾ ಕೂತವರ ಕಣ್ಣು, ತಲೆ, ಎದೆ, ಹೊಟ್ಟೆಯ ಮೇಲೆ ಒಂದಾದ ಮೇಲೊಂದರಂತೆ ಅಂಗೈ ಇಡುವುದು. ಒತ್ತುವಂತಿಲ್ಲ, ಉಜ್ಜುವಂತಿಲ್ಲ. ಬೇಡವೆಂದರೆ ಮುಟ್ಟದೆ, ಸ್ವಲ್ಪ ದೂರದಲ್ಲಿಯೂ ಕೈ ಹಿಡಿಯಬಹುದು. ಶುರು ಮಾಡುವ ಮುಂಚೆ ‘ಕೈ ಇಡ್ಲೇನ್ರಿ?’ ಎಂದು ಕೇಳಲೇಬೇಕು. ದಿನಾ ಬೆಳಿಗ್ಗೆ ಹೇಳಿಕೊಳ್ಳುವ ಮಾತುಗಳಿವೆ. ಇವತ್ತೊಂದು ದಿನ ಸಿಟ್ಟಾಗುವುದಿಲ್ಲ, ಇವತ್ತೊಂದು ದಿನ ಚಿಂತೆ ಮಾಡುವುದಿಲ್ಲ, ಉಪಕಾರ ನೆನೆಯುತ್ತೇನೆ, ದುಡಿದು ಉಣ್ಣುತ್ತೇನೆ, ಎಲ್ಲರೊಂದಿಗೆ ಚೆನ್ನಾಗಿರುತ್ತೇನೆ. ನೋಡಿ, ‘ಇವತ್ತೊಂದು ದಿನ’ ಎನ್ನುವುದರಲ್ಲೇ ಜಾಣತನವಿದೆ. ಜೀವಮಾನವಿಡೀ ಸಿಟ್ಟಾಗಬೇಡ ಎಂದಿದ್ದರೆ ನಾನು ಅವತ್ತೇ ಬಸ್ಸು ಹತ್ತುತ್ತಿದ್ದೆ.

ಇದರಿಂದ ರೋಗ ವಾಸಿಯಾಗುತ್ತದೆಯೇ? ಆ ಪ್ರಶ್ನೆಯನ್ನು ಡಾಕ್ಟರ್ ಸಾಹೇಬರು ಕಣ್ಣಲ್ಲೇ ಕೇಳುತ್ತಿದ್ದಾರೆ. ಅನಿತಾ ಮೇಡಂ ಮೊದಲ ದಿನವೇ ಹೇಳಿದರು, ‘ಜ್ವರ ಬಂದ್ರ ದವಾಖಾನಿಗೆ ಹೋಗ್ರಿ. ನನ್ನ ಹತ್ರ ಬಂದು ಕುಂತು, ಗುಳಿಗಿ ಬಿಟ್ಟೀನಿ ಅಂದ್ರ ಹೊರಗ ಹಾಕತೀನಿ.’ ನೀವೂ ಇದನ್ನು ಗಂಟು ಹಾಕಿಕೊಳ್ಳಿ.

ಹಾಗಾದರೆ ನಾನೇಕೆ ಬಂದೆ? ಭಕ್ತಿಯಿಂದ ಬಂದೆನೇ? ಜ್ಞಾನದ ಹಸಿವಿನಿಂದ ಬಂದೆನೇ? ಇಲ್ಲ ಸ್ವಾಮಿ, ಹೆಂಡತಿ ಅಟ್ಟಿದಳು, ಬಂದೆ. ಸರೋಜಾ ಆಗ ಬಸುರಿ. ಒಂದು ದಿನ ನಾನು ಫೋನಿನಲ್ಲಿ ಮಾತಾಡುತ್ತಿದ್ದಾಗ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಅಂದಳು, ‘ನಿಮ್ಮ ದನಿಗೆ ಕೂಸು ಒಳಗ ಬೆಚ್ಚತೈತಿ. ಎಲ್ಯಾರ ಹೋಗಿ ಸುಮ್ಮನಿರೋದು ಕಲಕೊಂಡು ಬರ್ರಿ.’ ಆಮೇಲೆ ಸೀಮಂತದ ಕುಬಸ ಮಾಡಿಸಿಕೊಂಡು ತವರಿಗೆ ಹೋದಳು. ನಾನು ಪ್ರತಿ ರವಿವಾರ ಬಳ್ಳಾರಿಗೆ ಬಂದು ಇಲ್ಲಿ ಪಾಠ ಕೇಳುವುದು, ಇಲ್ಲಿಂದ ಕುರುಗೋಡಿಗೆ ಹೋಗಿ ಹೆಂಡತಿಯನ್ನು ಮಾತಾಡಿಸಿಕೊಂಡು ಊರು ಸೇರುವುದು, ಹೀಗೆ ನಡೆಯಿತು.

ಅಧ್ಯಕ್ಷರ ಮೊದಲ ಚೀಟಿ ಬಂತು. ಬರಲಿ, ಇಲ್ಲೇ ಇಟ್ಟಿರುತ್ತೇನೆ.

ಕಲಿತದ್ದನ್ನು ಮನೆಯವರ ಮೇಲೆ ರೂಢಿ ಮಾಡಿ ಎಂದರು ಮೇಡಂ. ಸರೋಜಾ ಅಂದಳು, ‘ನಮ್ಮವ್ವಗ ದಿನಾ ತಲಿನೋವು. ಆಕಿಗೆ ಕೊಡ್ರಿ.’ ಸಭಿಕರೇ, ಇಲ್ಲಿಗೆ ಬಂತು ನೋಡಿ ಸಂಕಟ. ನಮ್ಮ ಕಡೆ ಅತ್ತೆ ಅಳಿಯ ಎದುರಾಬದುರಾ ನಿಲ್ಲುವ ರೂಢಿ ಇಲ್ಲ. ನಾನು ಪಡಸಾಲೆಗೆ ಬಂದರೆ ಅವರು ಸೆರಗು ಎಳೆದುಕೊಂಡು ಅಡುಗೆಮನೆ ಸೇರುವರು. ಮದುವೆಯಾದಾಗಿನಿಂದ ಸೆರಗಿನ ಕೆಳಗಿನಿಂದ ನನ್ನ ಪಾದ ಬಿಟ್ಟು ಬೇರೇನನ್ನೂ ನೋಡಿರಲಿಕ್ಕಿಲ್ಲ. ನನ್ನ ಜೊತೆ ನೇರವಾಗಿ ಒಂದು ಮಾತೂ ಇಲ್ಲ. ಏನಿದ್ದರೂ ‘ಸರೋಜಾ, ಊಟಕ್ಕ ಏಳಂತ ಹೇಳು’, ‘ಸರೋಜಾ, ಬಸ್ಸಿಗೆ ಹೊತ್ತಾತು ಅಂತ ಹೇಳು.’ ಸರೋಜಾ ಹಿತ್ತಲಲ್ಲಿದ್ದರೂ ಅಷ್ಟೇ, ಅಂಗಡಿಗೆ ಹೋಗಿದ್ದರೂ ಅಷ್ಟೇ. ಖಾಲಿ ಮನೆಯಲ್ಲಿ ‘ಸರೋಜಾ’ ಎಂದರೆ ಅದು ನನಗೇ ಎಂದು ನಾನು ಎದ್ದು ಕೈತೊಳೆಯಲು ಹೋಗುತ್ತಿದ್ದೆ.

ಇಂಥ ಅತ್ತೆಯ ತಲೆಯ ಮೇಲೆ ಅಳಿಯ ಕೈ ಇಡುವುದೇ? ಶಿವ ಶಿವಾ! ಕೊನೆಗೆ ಸರೋಜಾಳೇ ಒಂದು ಉಪಾಯ ಹುಡುಕಿದಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಆ ಕಡೆ ಅತ್ತೆ ಬೆನ್ನು ಆನಿಸಿ ಕೂತರು. ಈ ಕಡೆ ನಾನು ಬಾಗಿಲಿಗೆ ಎರಡೂ ಅಂಗೈ ಹಿಡಿದು ಕೂತೆ. ಮೇಡಂ, ಆ ತೇಗದ ಬಾಗಿಲಿಗೆ ನಾನು ಕೊಟ್ಟಷ್ಟು ರೇಕಿಯನ್ನು ಬಳ್ಳಾರಿಯಲ್ಲಿ ಯಾವ ಬಾಗಿಲೂ ಪಡೆದಿಲ್ಲ.

ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ‘ಅತ್ತೀ, ಉಸಿರು ಎಳೀರಿ! ಅತ್ತೀ, ಉಸಿರು ಬಿಡ್ರಿ! ಈಗ ಕಣ್ಣಿನ ಸರದಿ ನಡದೈತಿ, ಬೆಚ್ಚಗಾತೇನ್ರಿ?’ ಎಂದು ಕೂಗುವುದು. ಎದುರುಮನೆಯ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತು ನನ್ನ ಮಾತಿನಂತೆ ಉಸಿರು ಎಳೆದು ಬಿಟ್ಟು, ತಮ್ಮ ದಮ್ಮು ಕಡಿಮೆಯಾಯಿತು ಎಂದು ಓಣಿಯೆಲ್ಲ ಹೇಳಿಕೊಂಡು ಬಂದರು. ಬಾಗಿಲಾಚೆಯಿಂದ ಮಾತ್ರ ‘ಹೂಂ’ ಇಲ್ಲ, ‘ಉಹೂಂ’ ಇಲ್ಲ.

ನಾನು ಮೇಡಂಗೆ ದೂರು ಹೇಳಿದೆ. ಅವರು ನಕ್ಕು, ‘ಎರ್ರಣ್ಣಾರ, ಕೈ ಇಡೋದು ಆಮ್ಯಾಲ. ಮೊದ್ಲು ಬಾಯಿ ಮುಚ್ಚರಿ. ನೀವು ಇಷ್ಟು ಮಾತಾಡಿದ್ರ ಆಕಿ ಎಲ್ಲಿ ಮಾತಾಡಬೇಕು?’ ಎಂದರು.

ಮುಂದಿನ ರವಿವಾರ ಹಟ ಹಿಡಿದು ತುಟಿ ಬಿಗಿದು ಕೂತೆ. ಮಿಲ್ಲಿನಲ್ಲಿ ಮೂಟೆ ಹೊರುವುದು ಸುಲಭ ಸ್ವಾಮಿ, ಬಾಯಿ ಮುಚ್ಚುವುದು ಕಷ್ಟ. ಬೆವರು ಇಳಿಯಿತು. ಸರೋಜಾ ನೆರೆಮನೆಗೆ ಹೋಗಿದ್ದಳು. ಬಹಳ ಹೊತ್ತಿನ ಮೇಲೆ ಬಾಗಿಲ ಆ ಕಡೆಯಿಂದ ಮೆಲ್ಲನೆಯ ದನಿ ಬಂತು.

‘ಸರೋಜಾ, ನಿನ್ನ ಗಂಡ ಹ್ವಾದನೇನ? ಹೋಗಿರಬೇಕು, ದನಿ ಇಲ್ಲ. ಸರೋಜಾ, ನನಗ ಕಣ್ಣು ಕಾಣವಲ್ದು. ಒಲಿ ಮುಂದ ಕುಂತ್ರ ಬರೇ ಹೊಗಿ ಇದ್ದಂಗ ಐತಿ. ಈ ಓಣ್ಯಾಗ ಹುಟ್ಟಿದ ಕೂಸುಗಳಿಗೆಲ್ಲ ಕಾಲ ಮ್ಯಾಲ ಹಾಕ್ಕೊಂಡು ನೀರು ಹಾಕೀನಿ. ನಿನ್ನ ಕೂಸಿಗೆ ಹೆಂಗ ಹಾಕಲಿ? ನೀರಿನ ಬಿಸಿ ಕೈಗೆ ತಿಳಿತೈತಿ, ಕೂಸಿನ ಮೂಗಿಗೆ ನೀರು ಹ್ವಾದ್ರ ಕಣ್ಣಿಗೆ ತಿಳಿಬೇಕಲ್ಲ? ಹೇಳಿದ್ರ ನಿನ್ನ ಬಾಣಂತನ ಇಲ್ಲಿ ಬ್ಯಾಡ ಅಂತಾರ. ಸಿರುಗುಪ್ಪಕ್ಕ ಕರಕೊಂಡು ಹೋಗತಾರ. ಮೊಮ್ಮಗೂನ್ನ ಎತ್ತಾಕೂ ಕೊಡಂಗಿಲ್ಲ. ಅದಕ್ಕ ತಲಿನೋವು ಅಂತ ಸುಳ್ಳು ಹೇಳಕೊಂತ ಕುಂತೀನಿ.’

ಸಭಿಕರೇ, ನನಗೆ ಆಗ ಏನಾಗಿರಬೇಡ? ಹಿಂದಿನ ವಾರ ಅವರ ಅನ್ನದಲ್ಲಿ ನನಗೆ ಕಲ್ಲು ಸಿಕ್ಕಿತ್ತು. ‘ನಾ ತಂದ ಅಕ್ಕಿಯಾಗ ಕಲ್ಲಾ? ಸಾಧ್ಯನೇ ಇಲ್ಲ!’ ಎಂದು ಮನೆ ಹಾರಿಹೋಗುವಂತೆ ಕೂಗಿದ್ದೆ. ಕಲ್ಲು ಕಾಣದೆ ಅಕ್ಕಿ ಆರಿಸಿದ ಆ ಜೀವ ಒಳಗೆ ಹೇಗೆ ಕೂತಿತ್ತೋ! ಈಗ ‘ಅತ್ತೀ, ನಾನು ಇಲ್ಲೇ ಅದೀನಿ’ ಎನ್ನಬೇಕೆಂದು ಬಾಯಿ ತೆರೆದೆ. ಅಂದರೆ ಅವರು ನಾಚಿಕೆಯಿಂದ ಕುಸಿಯುತ್ತಿದ್ದರು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಬಾಗಿಲ ಮೇಲೆಯೇ ಇತ್ತು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ಹೊರಗೆ ಬಂದೆ.

ಎಲ್ಲವನ್ನೂ ಸರೋಜಾಳಿಗೆ ಹೇಳಿದೆ. ಅವಳು ಅತ್ತಳು, ನಕ್ಕಳು, ಕೊನೆಗೆ ಆಣೆ ಮಾಡಿಸಿಕೊಂಡಳು. ‘ಕೇಳಿಸ್ಕೊಂಡದ್ದು ನೀವು ಅಂತ ತಿಳಿದ್ರ ನಮ್ಮವ್ವ ಜನ್ಮದಾಗ ನಿಮ್ಮ ಮುಂದ ಬರಂಗಿಲ್ಲ. ಸಾಯೋತನ ಬಾಯಿ ಬಿಡಬ್ಯಾಡ್ರಿ.’ ತನಗೇ ಅನುಮಾನ ಬಂತೆಂದು ಹೇಳಿ ತಾಯಿಯನ್ನು ಬಳ್ಳಾರಿಗೆ ಕರೆತಂದಳು. ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ತೆಗೆದದ್ದು ನನ್ನ ಬಾಗಿಲ ರೇಕಿ ಅಲ್ಲ, ಇಲ್ಲಿ ಕೂತಿರುವ ಭೀಮರಾಜ ಡಾಕ್ಟರು. ಜೋರಾಗಿ ಒಂದು ಚಪ್ಪಾಳೆ ತಟ್ಟಿರಿ!

ಕಟ್ಟಿದ ಪಟ್ಟಿ ಬಿಚ್ಚಿದ ದಿನ ನಾನು ಎಳನೀರು ಹಿಡಿದು ಅವರ ಎದುರಿಗೇ ನಿಂತುಬಿಟ್ಟಿದ್ದೆ. ಸೆರಗು ಎಳೆಯುವಷ್ಟು ಪುರುಸೊತ್ತೇ ಸಿಗಲಿಲ್ಲ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದರು, ‘ಸರೋಜಾ, ಇಷ್ಟು ದೊಡ್ಡ ದನಿ ಇಷ್ಟು ಸಣ್ಣ ಮನುಷ್ಯಾನ್ದಾ?’

ನಗಿರಿ, ನಗಿರಿ. ನಾನೂ ನಕ್ಕೆ. ನಮ್ಮ ಕೂಸು ಹುಟ್ಟಿತು. ಅತ್ತೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ, ಮೂಗಿಗೆ ಅಂಗೈ ಅಡ್ಡ ಹಿಡಿದು ನೀರು ಹಾಕಿದರು. ಒಂದು ಹನಿಯೂ ಮೂಗಿಗೆ ಹೋಗಲಿಲ್ಲ. ನಾನು ಬಚ್ಚಲ ಹೊರಗೆ ನಿಂತು ಆ ನೀರಿನ ಸದ್ದು ಕೇಳಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಸರೋಜಾ, ತಪ್ಪು ತಿಳಿಯಬೇಡ.

ಸರೋಜಾ ಆಗಿನಿಂದ ಕೈ ಆಡಿಸುತ್ತಿದ್ದಾಳೆ. ದನಿ ಇಳಿಸು ಎನ್ನುತ್ತಿದ್ದಾಳೆ ಎಂದುಕೊಂಡೆ. ಅಲ್ಲವೇ? ಏನು? ಹೊರಗೆ? ಮೈಕಿನವರೇ, ಹೊರಗೂ ಒಂದು ಸ್ಪೀಕರ್ ಕಟ್ಟಿದ್ದೀರಾ?

ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳಾ! ಸಾಯೋತನಕ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದವನು ಸತ್ಯನಾರಾಯಣಪೇಟೆಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟೆನಲ್ಲ! ಅಗೋ, ಸಭಾಭವನದ ಬಾಗಿಲ ಹಿಂದೆ ಹಸಿರು ಸೆರಗು ಕಾಣುತ್ತಿದೆ. ಅತ್ತೆ ಅಲ್ಲಿಯೇ ನಿಂತಿದ್ದಾರೆ. ಅಧ್ಯಕ್ಷರೇ, ನಿಮ್ಮ ಎರಡನೇ ಚೀಟಿಯನ್ನು ಮೊದಲೇ ಯಾಕೆ ಕೊಡಲಿಲ್ಲ ಸ್ವಾಮಿ?

ಒಳಗೆ ಬರುತ್ತಿದ್ದಾರೆ. ದಾರಿ ಬಿಡಿ. ಕೂಸು ಹೆಗಲ ಮೇಲೆ ನಿದ್ದೆ ಹೋಗಿದೆ. ಅತ್ತೀ, ತಪ್ಪಾತ್ರಿ, ಹೊಟ್ಟಿಗಿ ಹಾಕ್ಕೋರ್ರಿ. ಇಲ್ಲಿ, ವೇದಿಕೆಯ ಬುಡಕ್ಕೇ ಬಂದು ನಿಂತರು. ಸೆರಗು ತಲೆಯ ಮೇಲಿದೆ, ಮುಖದ ಮೇಲಿಲ್ಲ. ನನ್ನನ್ನೇ ನೋಡುತ್ತಿದ್ದಾರೆ. ಏನೋ ಹೇಳುತ್ತಿದ್ದಾರೆ. ಹಿಂದಿನವರಿಗೆ ಕೇಳಿಸುತ್ತಿಲ್ಲವೇ? ಇರಿ, ನಾನೇ ಹೇಳುತ್ತೇನೆ, ಅವರು ಅಂದದ್ದನ್ನು ಅಂದ ಹಾಗೆಯೇ ಹೇಳುತ್ತೇನೆ.

‘ಅಳಿಯಂದ್ರ, ನನಗ ಅವತ್ತ ಗೊತ್ತಿತ್ತು. ಕಣ್ಣು ಹೋಗಿದ್ವು, ಮೂಗು ಹೋಗಿತ್ತೇನ? ಬಾಗಿಲ ಸಂದ್ಯಾಗ ತೌಡಿನ ವಾಸನಿ ಬರಕತ್ತಿತ್ತು. ನೀವು ಕುಂತೀರಿ ಅಂತ ಗೊತ್ತಿದ್ದೇ ಹೇಳಿದೆ. ಮಗಳು ಬಸುರಿ, ಆಕಿಗೆ ಹೆಂಗ ಹೇಳಲಿ? ನಿಮಗ ಹೇಳಬೇಕಂತ ಎಷ್ಟು ವಾರ ಕಾದೆ, ನೀವು ಸುಮ್ಮನಾಗಬೇಕಲ್ಲ!’

ಸಭಿಕರೇ, ‘ಸರೋಜಾ’ ಎನ್ನಲಿಲ್ಲ ಅವರು. ‘ಅಳಿಯಂದ್ರ’ ಎಂದರು. ನನಗೇ ಅಂದರು, ನನ್ನ ಮುಖ ನೋಡಿ ಅಂದರು.

ಹೊಸದಾಗಿ ಬಂದವರೇ, ರೇಕಿಯ ಪರಿಚಯ ಇಷ್ಟೇ. ಕೈ ಚಾಚಿರಿ, ಬಾಯಿ ಮುಚ್ಚಿರಿ. ಮಿಕ್ಕದ್ದನ್ನು ಮೇಡಂ ಕಲಿಸುತ್ತಾರೆ. ಅವರಿಗೂ ಡಾಕ್ಟರಿಗೂ, ಚೀಟಿ ಖರ್ಚಾದ ಅಧ್ಯಕ್ಷರಿಗೂ, ಹೊರಗೆ ಸ್ಪೀಕರ್ ಕಟ್ಟಿದ ಪುಣ್ಯಾತ್ಮರಿಗೂ ನನ್ನ ಧನ್ಯವಾದ. ಇನ್ನೂ ಹೇಳುವುದಿತ್ತು. ಆದರೆ ಅತ್ತೆ ಮತ್ತೇನನ್ನೋ ಹೇಳಲು ಬಾಯಿ ತೆರೆಯುತ್ತಿದ್ದಾರೆ. ನಾನು ಸುಮ್ಮನಾಗುತ್ತೇನೆ. ನಮಸ್ಕಾರ.