ಹಿಂಬಾಗಿಲು

ನಲ್ಲಿಯ ವಾಷರಿಗೆಂದು ಅಂಗಡಿಗೆ ಬಂದ ಟೀಚರಮ್ಮನ ಮುಂದೆ ಬಡಗಿಯೂ ಚರ್ಚಿನ ಕಾವಲುಗಾರನೂ ಬಾಗಿಲ ಕೀಲು ಆರಿಸುತ್ತಿದ್ದರು. ಹೋದ ತಿಂಗಳು ಪ್ರಾರ್ಥನೆಯ ನಡುವೆ ಬಂದೂಕಿನವರು ನುಗ್ಗಿದ ಚರ್ಚು ಅದು.

“ಬಾಗಿಲು ಒಳಕ್ಕೆ ತೆರೀಬೇಕಾ, ಹೊರಕ್ಕಾ?” ಬಡಗಿ ಕೇಳಿದ.

“ಒಳಕ್ಕಾದ್ರೆ ಓಡೋರು ಒಬ್ಬರ ಮೇಲೊಬ್ಬರು ಬೀಳ್ತಾರೆ. ಹೊರಕ್ಕಾದ್ರೆ ಆ ಬಂದೂಕಿನೋರು ಅಡ್ಡ ಏನಾದ್ರೂ ಇಟ್ಟು ಬೆಂಕಿ ಹಚ್ತಾರೆ.”

“ಬಾಗಿಲೇ ಬೇಡ ಅನ್ನಪ್ಪ, ನನಗೂ ಕೆಲಸ ಉಳೀತು!”

“ಭಾನುವಾರ ಜನ ಬರ್ತಾರಲ್ಲ.”

“ಹಿಂದೆ ಇನ್ನೊಂದು ಇಡೋಣ.”

“ಹಿಂದೆ ಗೋರಿಗಳು. ಹೊಸವೇ ಒಂಬತ್ತು. ತುಳ್ಕೊಂಡೇ ಓಡ್ಬೇಕು.”

ಬಡಗಿ ದನಿ ತಗ್ಗಿಸಿದ. “ನಿನ್ನ ಹೆಂಡ್ತಿದೂ ಅಲ್ಲೇ...”

“ಅವಳೇನೂ ಅಂದ್ಕೊಳ್ಳಲ್ಲ, ಬಿಡು.” ಕಾವಲುಗಾರ ಸೊಂಟಕ್ಕೆ ಕೈಯಿಟ್ಟು ಹೆಂಡತಿಯ ದನಿ ತೆಗೆದ: “‘ನೋಡ್ತಾ ನಿಲ್ಬೇಡ್ರೋ, ಮಕ್ಕಳನ್ನ ಎತ್ಕೊಂಡು ಓಡ್ರೋ!’”

ಎರಡು ಬಾಗಿಲಿಗಾಗುವಷ್ಟು ಕೀಲು ಕಟ್ಟಿಸಿಕೊಂಡು ಇಬ್ಬರೂ ಹೊರಟರು.